ಐದು ಗುರುವಾರ, ಒಂದು ಬಕೆಟ್ ಕಪ್ಪು ನೀರು

೧೪, ವಿಕರಿ ಟೆರೇಸ್,
ಸೀಹ್ಯಾಮ್
ಭಾನುವಾರ, ೧೫ ಜನವರಿ ೨೦೧೨

ಪ್ರೀತಿಯ ಮಗ ಕ್ರೇಗ್,

ಹೇಗಿದ್ದೀಯ ಕಂದ? ಬೆನ್ನುನೋವು ಕಡಿಮೆಯಾಗಿದೆಯೇ? ಸಮುದ್ರದಡಿ ಹಾಸುವ ಆ ತಂತಿಯ ಸುರುಳಿಗಳನ್ನು ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಿಸು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅಲ್ಲಿ ಬಿಸಿಲು ಎಂದು ಬರಿಮೈಯಲ್ಲಿ ಓಡಾಡುತ್ತಿರುತ್ತೀಯ ಎಂಬುದೂ ಗೊತ್ತು. ಸಮುದ್ರದ ಗಾಳಿಯನ್ನು ನಂಬಬೇಡ, ಎದೆ ಮುಚ್ಚಿಕೊ. ಊಟ ಸರಿಯಾಗಿ ಮಾಡುತ್ತೀಯಾ? ನಿಮ್ಮ ಅಡುಗೆಯವನು ಈಗಲೂ ಎಲ್ಲದಕ್ಕೂ ಬೆಳ್ಳುಳ್ಳಿ ಸುರಿಯುತ್ತಾನೆಯೇ? ನನ್ನ ಯೋಚನೆ ಬೇಡ. ಎಪ್ಪತ್ತನಾಲ್ಕು ವರ್ಷದ ಮುದುಕಿಯ ಮಂಡಿ ಹೇಗಿರಬೇಕೋ ಹಾಗಿದೆ. ಕಣ್ಣು, ಕಿವಿ ಮಾತ್ರ ದೇವರ ದಯದಿಂದ ಇನ್ನೂ ಚುರುಕಾಗಿವೆ. ಅದಕ್ಕೇ ಈ ಕಾಗದ ಬರೆಯಬೇಕಾಗಿ ಬಂದಿದೆ.

ಆರನೇ ತಾರೀಖು ನಾನು ಹಡಗಿಗೆ ಫೋನು ಮಾಡಿದ್ದು ನಿನಗೆ ಸಿಟ್ಟು ತರಿಸಿದೆ. ಹಡಗಿನ ಫೋನು ತುರ್ತಿಗೆ ಮಾತ್ರ ಎಂಬುದು ನನಗೂ ಗೊತ್ತಪ್ಪ. ಮಗನ ಸಂಸಾರಕ್ಕೆ ಹುಳ ಹಿಡಿಯುತ್ತಿರುವುದು ತುರ್ತಲ್ಲದಿದ್ದರೆ ಇನ್ಯಾವುದು ತುರ್ತು? ನಾನು ಹೇಳಿದ್ದು ಎರಡೇ ಮಾತು. ‘ನಿನ್ನ ಹೆಂಡ್ತಿ ಲಿಂಡ್ಸೆ ಮೇಲೆ ಒಂದು ಕಣ್ಣಿಡು. ಆ ಬಾಯ್ಲರ್ ರಿಪೇರಿಯವನು ನಾನಿಲ್ಲದ ಹೊತ್ತು ನೋಡ್ಕೊಂಡು ಮನೆಗೆ ಬರ್ತಿದ್ದಾನೆ.’ ನೀನು ‘ಸಾಕು ಮಾಡಮ್ಮ’ ಅಂದು ಫೋನು ಇಟ್ಟೆ. ಅಂದಿನಿಂದ ಒಂಬತ್ತು ದಿನವಾಯಿತು, ಈ ಮನೆಗೆ ನಿನ್ನ ಫೋನಿಲ್ಲ. ಲಿಂಡ್ಸೆಯ ಮೊಬೈಲಿಗೂ ಮಾಡಿಲ್ಲವಂತೆ. ಸಂಜೆಯಾದರೆ ಅವಳು ಮೆಟ್ಟಿಲ ಮೇಲೆ ಫೋನಿನ ಪಕ್ಕ ಕೂತು ಉಗುರು ಕಚ್ಚುತ್ತಾಳೆ. ಅದೂ ನಾಟಕವಿರಬಹುದು. ಹೇಗಾದರಾಗಲಿ, ಬಾಯಲ್ಲಿ ಹೇಳಿದರೆ ನೀನು ಕೇಳುವುದಿಲ್ಲ, ಕಾಗದದ ಮೇಲೆ ಬರೆದರೆ ಮಡಚಿ ಇಡಬಹುದೇ ಹೊರತು ನಡುವೆ ಬಾಯಿ ಹಾಕಲಾಗದು. ಮೇಲಿನ ಬೀದಿಯ ಡಂಕನ್ ಈ ಶುಕ್ರವಾರ ಪಾಳಿ ಬದಲಿಸಲು ನಿಮ್ಮ ಹಡಗಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಅಷ್ಟರಲ್ಲಿ ಸಾಕ್ಷಿಯೂ ಸಿಗಬಹುದು.

ಮೊದಲಿನಿಂದ ಹೇಳುತ್ತೇನೆ. ಏಪ್ರಿಲ್‌ನಲ್ಲಿ ನಿನ್ನಪ್ಪ ಹೋದರು. ನಾನೊಬ್ಬಳೇ ಇರಬಾರದೆಂದು ನೀವಿಬ್ಬರೂ ಇಲ್ಲಿಗೆ ಬಂದಿರಿ, ಅದಕ್ಕೆ ನಾನು ಋಣಿ. ಸೆಪ್ಟೆಂಬರ್‌ನಲ್ಲಿ ಕೋಣೆಕೋಣೆಯ ರೇಡಿಯೇಟರಿಗೆ ಬಿಸಿನೀರು ಹರಿಸಿ ಮನೆ ಕಾಯಿಸುವ ಆ ಹಳೆಯ ಬಾಯ್ಲರ್ ಕಿತ್ತು ಹೊಸದು ಹಾಕಿಸಿದೆ. ಹಾಕಿದವನು ಆ ರಸೆಲ್, ಮರ್ಟನ್ ಊರಿನವನು, ಅಂಗಿಯ ತೋಳು ಮಡಚಿಕೊಂಡೇ ತಿರುಗುವವನು. ಹೆಂಡತಿ ಬಿಟ್ಟುಹೋಗಿದ್ದಾಳೆ ಎಂದು ಮೊದಲ ದಿನವೇ ಹೇಳಿಕೊಂಡ. ಪೈಪಿನ ಕೆಲಸ ಮಾಡುವ ಗಂಡಸಿಗೆ ಅಷ್ಟು ಬಿಳಿ ಹಲ್ಲು ಯಾಕೆ ಬೇಕು ಎಂದು ಆಗಲೇ ನನಗನ್ನಿಸಿತ್ತು. ಬಾಯ್ಲರ್ ಕೆಳಗೆ ಪೈಪಿಗೆ ಒಂದು ಕಪ್ಪು ಡಬ್ಬಿ ಸೇರಿಸಿ, ನಾವು ಮೂವರೂ ನಿಂತಿರುವಾಗ ಪಾಠ ಮಾಡಿದ್ದ, ನೆನಪಿದೆಯಾ? ‘ಇದು ಫಿಲ್ಟರ್, ಮಿಸೆಸ್ ಹೆಸ್ಲಪ್. ಒಳಗಡೆ ಅಯಸ್ಕಾಂತ ಇದೆ. ರೇಡಿಯೇಟರ್ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಪ್ಪು ಕೆಸರಾಗುತ್ತಲ್ಲ, ಅದನ್ನ ಇದು ಹಿಡ್ಕೊಳ್ಳುತ್ತೆ, ಬಾಯ್ಲರ್‌ಗೆ ಹೋಗಕ್ಕೆ ಬಿಡಲ್ಲ. ವರ್ಷಕ್ಕೊಂದ್ಸಲ ಬಂದು ಬಿಚ್ಚಿ ತೊಳೆದು ಹೋಗ್ತೀನಿ.’ ವರ್ಷಕ್ಕೊಂದು ಸಲ. ಈ ಮಾತಿಗೆ ನೀನೂ ಸಾಕ್ಷಿ. ನೀನು ಅಕ್ಟೋಬರ್ ಹತ್ತಕ್ಕೆ ಹಡಗು ಹತ್ತಿದೆ. ಅವನು ನವೆಂಬರ್‌ನಿಂದಲೇ ಬರತೊಡಗಿದ.

ನನಗೆ ತಿಳಿದದ್ದು ಎದುರುಮನೆ ಬೆರಿಲ್‌ಳಿಂದ. ಗುರುವಾರ ಮಧ್ಯಾಹ್ನ ನಾನು ಗಣಿ ಕಾರ್ಮಿಕರ ಹಾಲ್‌ಗೆ ಬಿಂಗೋ ಆಡಲು ಹೋಗುವುದು, ಒಂದಕ್ಕೆ ಹೊರಟರೆ ನಾಲ್ಕಕ್ಕೆ ಬರುವುದು, ಇಡೀ ಬೀದಿಗೆ ಗೊತ್ತು. ಲಿಂಡ್ಸೆಗೆ ಬೇಕರಿಯಲ್ಲಿ ಗುರುವಾರ ಅರ್ಧ ದಿನ ರಜೆ. ಕ್ರಿಸ್‌ಮಸ್‌ಗೆ ಮುಂಚೆ ಬೆರಿಲ್ ಬೇಲಿಯ ಮೇಲೆ ಮೊಣಕೈ ಊರಿ, ‘ಏನೇ ಎನಿಡ್, ಗುರುವಾರ ಬಂದ್ರೆ ನಿಮ್ಮನೆ ಮುಂದೆ ಬಿಳಿ ವ್ಯಾನ್ ಹಾಜರಿ ಹಾಕ್ತಿದೆಯಲ್ಲ, ನಿಮ್ಮ ಹೊಸ ಬಾಯ್ಲರ್‌ಗೆ ಅಷ್ಟೊಂದು ಕಾಯಿಲೆನಾ?’ ಎಂದಳು. ಕೇಳಿದ ರೀತಿ ಹೇಗಿತ್ತೆಂದರೆ ನನ್ನ ಕಿವಿ ಬಿಸಿಯಾಯಿತು. ‘ಅಯ್ಯೋ, ಸರ್ವಿಸ್ ಕಣೇ’ ಅಂದು ಒಳಗೆ ಬಂದೆ. ಬೆರಿಲ್‌ಗೆ ಮಾತಿನ ಚಟವಿದೆ, ನಿಜ. ಆದರೆ ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ನವೆಂಬರ್‌ನ ಒಂದು ಗುರುವಾರ ಬಿಂಗೋ ಮುಗಿಸಿ ಬಂದಾಗ ನಿಮ್ಮ ಕೋಣೆಯ ಮಂಚ ಗೋಡೆ ಬಿಟ್ಟು ಓರೆಯಾಗಿ ನಿಂತಿತ್ತು. ಚಾದರ ನೆಲದ ಮೇಲಿತ್ತು. ‘ಗುಡಿಸ್ತಿದ್ದೆ’ ಅಂದಳು. ಆ ಭಾರದ ಮಂಚವನ್ನು ಒಬ್ಬ ಹೆಂಗಸು ಎಳೆದು ಗುಡಿಸುವುದನ್ನು ಈ ಐವತ್ತು ವರ್ಷದಲ್ಲಿ ನಾನು ಕಂಡಿಲ್ಲ. ಇನ್ನೊಂದು ಸಲ ಸ್ನಾನದ ಮನೆಯ ಟವೆಲ್ಲಿನ ಮೇಲೆ ಐದು ಬೆರಳಿನ ಕಪ್ಪು ಗುರುತು, ಗಂಡಸಿನ ಕೈ. ಸಿಂಕಿನಲ್ಲಿ ಚಹಾ ಕುಡಿದ ಎರಡು ಮಗ್ಗು. ಹೋಗಲಿ ಎಂದರೆ, ಬೇಕರಿಯಿಂದ ಹ್ಯಾಮ್ ಪೈ ತಂದು ಕಾಗದದಲ್ಲಿ ಸುತ್ತಿ ಫ್ರಿಜ್ಜಿನೊಳಗೆ ಹಿಂಬದಿಗೆ ಇಟ್ಟಿರುತ್ತಾಳೆ, ಬುಧವಾರ ರಾತ್ರಿ ಇರುತ್ತದೆ, ಗುರುವಾರ ಸಂಜೆ ಇರುವುದಿಲ್ಲ. ನನಗೆ ಒಂದು ಚೂರು ಕೇಳಿದವಳಲ್ಲ. ನಿನ್ನ ಅಪ್ಪನಿದ್ದಿದ್ದರೆ ಪೈ ವಿಷಯವೊಂದಕ್ಕೇ ಪಂಚಾಯಿತಿ ಸೇರಿಸುತ್ತಿದ್ದರು.

ಇವೆಲ್ಲ ಊಹೆ ಎನ್ನುತ್ತೀಯ. ಇದನ್ನು ಕೇಳು. ಹೊಸ ವರ್ಷದ ಮಾರನೇ ದಿನ ನಾನು ಮೆಟ್ಟಿಲಿಳಿಯುತ್ತಿದ್ದೆ, ಅವಳು ಅಡುಗೆಮನೆಯಲ್ಲಿ ಮೊಬೈಲಿನಲ್ಲಿ ಪಿಸುಗುಡುತ್ತಿದ್ದಳು. ‘ಎನಿಡ್ ಮನೇಲಿದ್ದಾಗ ಬೇಡ ರಸೆಲ್. ಗುರುವಾರ ಬಾ, ಒಂದು ಗಂಟೆ ಆದ್ಮೇಲೆ. ಅವರಿಗೆ ಗೊತ್ತಾಗ್ಲೇಬಾರ್ದು.’ ನನ್ನ ಎರಡು ಕಿವಿಯಿಂದ ಕೇಳಿದ್ದು. ಮಾತಿಗೆ ಮಾತು ಹಾಗೇ ಬರೆದಿದ್ದೇನೆ. ಐದನೇ ತಾರೀಖು ಗುರುವಾರ ಅವನು ಬಂದ, ಬೆರಿಲ್ ನೋಡಿದಳು. ಆರನೇ ತಾರೀಖು ನಾನು ನಿನಗೆ ಫೋನು ಮಾಡಿದೆ. ಈಗ ಹೇಳು, ನಾನು ತಪ್ಪು ಮಾಡಿದೆನಾ?

ಅವಳು ಇವತ್ತು ಭಾನುವಾರದ ಪಾಳಿಗೆ ಹೋಗಿದ್ದಾಳೆ. ನಾನು ರೇಡಿಯೇಟರಿನ ಗಾಳಿ ಬಿಡುವ ನಿನ್ನಪ್ಪನ ಹಿತ್ತಾಳೆ ಚಾವಿ ಹಿಡಿದು ಒಂಬತ್ತರ ಸುತ್ತೂ ಮುಗಿಸಿ ಈಗ ಕೂತು ಬರೆಯುತ್ತಿದ್ದೇನೆ. ಅಪ್ಪ ಇದ್ದಾಗ ಈ ಕೆಲಸ ಅವರದು, ಈಗ ನನ್ನದು. ಮಂಡಿ ಬೇಡ ಅನ್ನುತ್ತದೆ, ಮನಸ್ಸು ಬಿಡುವುದಿಲ್ಲ. ನಿಮ್ಮ ಕೋಣೆಯ ರೇಡಿಯೇಟರಿಗೆ ಚಾವಿ ಹಾಕುವಾಗ ದಿಂಬಿನ ಕೆಳಗೂ ನೋಡಿದೆ. ಏನೂ ಇರಲಿಲ್ಲ. ಜಾಣೆಯಾದವಳು ಇಡುತ್ತಾಳೆಯೇ?

ಬುಧವಾರ, ೧೮ ಜನವರಿ

ಕಾಗದವನ್ನು ಹೊಲಿಗೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಮೂರು ದಿನದಲ್ಲಿ ಎರಡು ಹೊಸ ಸಂಗತಿ.

ಮೊದಲನೆಯದು ಸೋಮವಾರದ್ದು. ಬೆಳಿಗ್ಗೆ ಎದ್ದರೆ ಮನೆ ಮಂಜುಗಡ್ಡೆ, ಬಾಯ್ಲರ್ ಸತ್ತುಬಿದ್ದಿತ್ತು. ಈ ಚಳಿಗಾಲದಲ್ಲಿ ಸೋಮವಾರ ಬಂದರೆ ಹೀಗೇ. ಹೊಸ ಸಾಮಾನಿನ ಹಣೆಬರಹ. ಲಿಂಡ್ಸೆ ಸ್ವೆಟರ್ ಮೇಲೆ ಕೋಟು ಹಾಕಿಕೊಂಡು ಬಂದು ಅದರ ಕೆಳಗಿನ ಬೆಳ್ಳಿ ಬಣ್ಣದ ಕೊಳವೆಯ ನಲ್ಲಿ ತಿರುಗಿಸಿದಳು. ಸುಯ್ಯೆಂದು ನೀರು ಹರಿಯಿತು, ಗಡಿಯಾರದಂಥದರ ಮುಳ್ಳು ಮೇಲೇರಿತು, ಬಾಯ್ಲರ್ ಹೊತ್ತಿಕೊಂಡಿತು. ಎಷ್ಟು ಸಲೀಸಾಗಿ ಮಾಡಿದಳೆಂದರೆ, ಯಾರೋ ಕೈ ಹಿಡಿದು ಕಲಿಸಿದಂತಿತ್ತು. ಯಾರು ಕಲಿಸಿದರು ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ.

ಎರಡನೆಯದು ನಿನ್ನೆ. ಅವಳು ಕೆಲಸಕ್ಕೆ ಹೋದ ಮೇಲೆ ಕನ್ನಡಕ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು ಆ ಕಪ್ಪು ಡಬ್ಬಿಯನ್ನು ಪರೀಕ್ಷೆ ಮಾಡಿದೆ. ಅದರ ಕತ್ತಿಗೆ ದಾರದಲ್ಲಿ ಒಂದು ಕಾರ್ಡು ಕಟ್ಟಿದೆ. ನವೆಂಬರ್ ಹದಿನೇಳು, ಫಿಲ್ಟರ್ ತೊಳೆದಿದೆ. ಡಿಸೆಂಬರ್ ಒಂದು, ಫಿಲ್ಟರ್ ತೊಳೆದಿದೆ. ಡಿಸೆಂಬರ್ ಹದಿನೈದು, ತೊಳೆದಿದೆ. ಜನವರಿ ಐದು, ತೊಳೆದಿದೆ. ನಾಲ್ಕೂ ಗುರುವಾರ, ನಾಲ್ಕರ ಕೆಳಗೂ ಅವನದೇ ಸಹಿ. ವರ್ಷಕ್ಕೊಮ್ಮೆ ತೊಳೆಯುವುದನ್ನು ಎರಡು ತಿಂಗಳಲ್ಲಿ ನಾಲ್ಕು ಸಲ ತೊಳೆಯುತ್ತಾರೆಯೇ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವಂತೆ. ಇವನು ಕುಡಿದದ್ದಕ್ಕೆ ಚೀಟಿ ಬೇರೆ ಬರೆದಿಟ್ಟಿದ್ದಾನೆ!

ರಾತ್ರಿ ಊಟದ ಹೊತ್ತಿಗೆ, ಏನೂ ಅರಿಯದವಳ ಹಾಗೆ ಆಲೂಗಡ್ಡೆ ಬಡಿಸುತ್ತಾ ಕೇಳಿಯೇಬಿಟ್ಟೆ. ‘ಅಲ್ವೇ ಲಿಂಡ್ಸೆ, ಆ ಡಬ್ಬಿ ತೊಳೆಯೋದು ವರ್ಷಕ್ಕೊಂದ್ಸಲ ಅಂತಿದ್ನಲ್ಲ?’ ಅವಳ ಕೈಯ ಫೋರ್ಕು ತಟ್ಟೆಗೆ ತಗುಲಿ ಠಣ್ ಎಂದಿತು. ‘ಹಳೇ ರೇಡಿಯೇಟರ್ ಅಲ್ವಾ ಎನಿಡ್, ಕೊಳೆ ಸ್ವಲ್ಪ ಜಾಸ್ತಿ ಬರುತ್ತೆ’ ಅಂದು ನನ್ನ ಮುಖ ನೋಡದೆ ಉಪ್ಪು ತರಲು ಎದ್ದಳು. ಉಪ್ಪು ಮೇಜಿನ ಮೇಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಂತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ಒಂದು ಮಾತು ಒಪ್ಪುತ್ತೇನೆ. ಅವಳು ಕೆಟ್ಟ ಹುಡುಗಿ ಎಂದು ನನಗೆ ಮೊದಲೆಂದೂ ಅನ್ನಿಸಿರಲಿಲ್ಲ. ಅಪ್ಪನ ಕೊನೆಯ ವಾರ ಆಸ್ಪತ್ರೆಯಲ್ಲಿ ಅವರ ಗಡ್ಡ ಹೆರೆದವಳು ಅವಳು. ಅದಕ್ಕೇ ನನಗೆ ಇನ್ನೂ ಸಂಕಟ. ಪರಕೀಯಳಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮೂರು ತಿಂಗಳಿಂದ ಗಂಡನ ಮುಖ ನೋಡದ ಹೆಂಗಸು, ಬಿಳಿ ಹಲ್ಲಿನ ಗಂಡಸು, ಖಾಲಿ ಮನೆ. ಯಾರನ್ನು ಅನ್ನಲಿ? ಆದರೆ ನೀನು ನನ್ನ ಮಗ, ಸತ್ಯ ನಿನಗೆ ತಿಳಿಯಲೇಬೇಕು.

ನಾಳೆ ಗುರುವಾರ. ಫ್ರಿಜ್ಜಿನೊಳಗೆ ಹಿಂಬದಿಯಲ್ಲಿ ಎರಡು ಪೈ ಬಂದು ಕೂತಿವೆ. ನಾನು ಟೋಪಿ ಹಾಕಿ, ಚೀಲ ಹಿಡಿದು, ಬಿಂಗೋಗೆಂದು ಒಂದಕ್ಕೆ ಸರಿಯಾಗಿ ಹೊರಡುತ್ತೇನೆ. ಬೀದಿ ತುದಿಯಿಂದ ಹಿಂದಿನ ಓಣಿಗೆ ತಿರುಗಿ ನಮ್ಮ ಹಿತ್ತಲಿನ ಕಲ್ಲಿದ್ದಲ ಕೋಣೆಯಲ್ಲಿ ಕೂರುತ್ತೇನೆ. ಅದರ ಬಾಗಿಲ ಬಿರುಕಿನಿಂದ ಅಡುಗೆಮನೆ ಕಿಟಕಿ ನೇರ ಕಾಣುತ್ತದೆ, ಈಗಲೇ ಹೋಗಿ ನೋಡಿ ಬಂದೆ. ಒಂದು ದಿಂಬು, ಫ್ಲಾಸ್ಕಿನಲ್ಲಿ ಚಹಾ ಇಟ್ಟಿದ್ದೇನೆ. ನಗಬೇಡ.

ಗುರುವಾರ, ಸಂಜೆ

ಕ್ರೇಗ್, ಮೇಲಿನ ಹಾಳೆಗಳನ್ನು ಹರಿದು ಒಲೆಗೆ ಹಾಕೋಣವೆಂದು ಎರಡು ಸಲ ಕೈಗೆತ್ತಿಕೊಂಡೆ. ಹಾಕಲಿಲ್ಲ. ನಿನ್ನಮ್ಮ ಎಂಥವಳು ಎಂದು ನಿನಗೆ ತಿಳಿದಿರಲಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಒಂದೂ ಹತ್ತಕ್ಕೆ ಕಲ್ಲಿದ್ದಲ ಕೋಣೆ ಸೇರಿದೆ. ಕಲ್ಲಿದ್ದಲು ಹೋಗಿ ಎಷ್ಟೋ ವರ್ಷವಾದರೂ ಅದರ ಪುಡಿ ಗೋಡೆಯಲ್ಲಿ ಹಾಗೇ ಇದೆ, ಮೂಗಿಗೆ ಬಡಿಯಿತು. ಒಂದೂವರೆಗೆ ವ್ಯಾನು ಬಂತು. ಲಿಂಡ್ಸೆ ಕಿಟಕಿ ಅರ್ಧ ತೆಗೆದಿಟ್ಟಳು. ನಾನು ಬಿರುಕಿಗೆ ಕಣ್ಣಿಟ್ಟೆ. ರಸೆಲ್ ಬಂದವನೇ ಕೋಟು ಬಿಚ್ಚಿದ. ಬಂತು ನೋಡು, ಅಂದುಕೊಂಡೆ. ಅವನು ಬಾಯ್ಲರ್ ಆರಿಸಿ, ಡಬ್ಬಿಯ ಮೇಲೊಂದು ಕೆಳಗೊಂದು ಬಿರಡೆ ತಿರುಗಿಸಿ, ಅಡಿಯಲ್ಲಿ ಬಕೆಟ್ ಇಟ್ಟು, ಮುಚ್ಚಳ ಬಿಚ್ಚಿ ಒಳಗಿನ ಕೋಲನ್ನು ಹೊರಗೆಳೆದ. ಕೋಲಿನ ತುಂಬ ಕಪ್ಪು ಕೆಸರು, ಅಂಟು ಬೆಲ್ಲದಷ್ಟು ದಪ್ಪ. ಲಿಂಡ್ಸೆ ಮಾರು ದೂರದಲ್ಲಿ ತೋಳು ಕಟ್ಟಿಕೊಂಡು ನಿಂತಿದ್ದಳು. ಮುಖದಲ್ಲಿ ಅಳು.

‘ನೋಡಿ ಇಲ್ಲಿ,’ ಅಂದ ರಸೆಲ್. ‘ಎರಡು ವಾರಕ್ಕೆ ಇಷ್ಟು. ಬೇರೆಯವರ ಮನೇಲಿ ಎರಡು ವರ್ಷಕ್ಕೂ ಇಷ್ಟು ಬರಲ್ಲ. ಎಲ್ಲೋ ಸೋರ್ತಿದೆ ಅಂತ ಮಂಚ ಎಳೆದು ನೆಲದ ಹಲಗೆ ಕಿತ್ತು ನೋಡಿದ್ದಾಯ್ತು, ಎಲ್ಲೂ ಸೋರ್ತಿಲ್ಲ ಅಂತ ನಮಗಿಬ್ರಿಗೂ ಗೊತ್ತಾಯ್ತು. ನಾನು ಎಷ್ಟು ತೊಳೆದ್ರೂ, ಎಷ್ಟು ಮದ್ದು ಸುರಿದ್ರೂ ಪ್ರತಿ ವಾರ ಹೊಸ ನೀರು ಒಳಗೆ ಹೋದ್ರೆ ಏನು ಪ್ರಯೋಜನ? ಹೊಸ ನೀರು ಬಂದಷ್ಟೂ ಕಬ್ಬಿಣ ತುಕ್ಕು ಹಿಡಿಯುತ್ತೆ. ಮಾರ್ಚ್ ಹೊತ್ತಿಗೆ ಈ ಬಾಯ್ಲರ್ ಮಣ್ಣಾಗುತ್ತೆ. ಹೇಳಿಬಿಡಿ ನಿಮ್ಮತ್ತೆಗೆ.’

ಏನು ಹೇಳುವುದು ನನಗೆ ಎಂದು ನಾನು ಬಿರುಕಿಗೆ ಕಿವಿ ಒತ್ತಿದೆ.

ಲಿಂಡ್ಸೆ ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇನೆ, ಒಂದಕ್ಷರ ಮರೆತಿಲ್ಲ. ‘ಹೇಗೆ ಹೇಳ್ಲಿ ರಸೆಲ್? ಡಿಸೆಂಬರ್‌ನಲ್ಲಿ ಒಂದು ಭಾನುವಾರ ತಲೆನೋವು ಅಂತ ಬೇಗ ಬಂದೆ. ಬಾಗಿಲು ತೆಗೆದ್ರೆ ಎನಿಡ್ ನೆಲದ ಮೇಲೆ ಕೂತಿದ್ರು, ರೇಡಿಯೇಟರ್‌ಗೆ ಚಾವಿ ಹಾಕಿ, ಕೈಲಿ ಮಗ್ಗು ಹಿಡ್ಕೊಂಡು. ಕಪ್ಪು ನೀರು ಹಿಡೀತಿದ್ರು. ಮಾವ ಎದುರಿಗಿದ್ದಾರೆ ಅನ್ನೋ ಹಾಗೆ ಮಾತಾಡ್ತಿದ್ರು. “ಬರ್ಲಿ ವಿಲ್ಫ್, ಎಲ್ಲಾ ಹೊರಗೆ ಬಂದ್ಬಿಡ್ಲಿ, ಆಮೇಲೆ ಉಸಿರು ಹಗುರಾಗುತ್ತೆ” ಅಂತಿದ್ರು. ನಾನು ಹಾಗೇ ಹೊರಗೆ ಹೋಗಿ ಬಾಗಿಲು ಹಾಕ್ಕೊಂಡು, ಸುಮಾರು ಹೊತ್ತು ಬೀದೀಲಿ ನಿಂತಿದ್ದು, ಆಮೇಲೆ ಬೆಲ್ ಮಾಡ್ದೆ. ಮಾವ ಹೋದಾಗಿಂದ ಅವರು ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಆ ಚಾವೀನ ಅವರ ಕೈಯಿಂದ ನಾನು ಹೇಗೆ ಕಿತ್ಕೊಳ್ಲಿ? ನೀನೇ ಹೇಳು. ಬೇಕಾದ್ರೆ ವಾರವಾರ ಬಂದು ತೊಳಿ.’

ನಿನ್ನಪ್ಪ ಮೂವತ್ತೊಂದು ವರ್ಷ ಗಣಿಯಲ್ಲಿದ್ದವರು. ಅವರು ಕೆಮ್ಮಿದಾಗ ಕರ್ಚೀಫಿನಲ್ಲಿ ಕಪ್ಪು ಬಂದರೆ ನಾವು ಹೆಂಗಸರು ಒಳ್ಳೆಯದೇ ಆಯಿತು ಅನ್ನುತ್ತಿದ್ದೆವು. ಹೊರಗೆ ಬಂದಷ್ಟು ಒಳ್ಳೆಯದು, ಒಳಗೆ ನಿಂತರೆ ಆಪತ್ತು. ನಮ್ಮತ್ತೆ ನನಗೆ ಹೇಳಿದ್ದು ಅದು, ಈ ಬೀದಿಯಲ್ಲಿ ಹಾಗಂದುಕೊಳ್ಳದ ಮನೆಯೇ ಇರಲಿಲ್ಲ. ಅಪ್ಪ ಹಳೆಯ ಬಾಯ್ಲರ್ ಕಾಲದಲ್ಲಿ ಭಾನುವಾರ ಚಾವಿ ಹಾಕಿ ಬರೀ ಗಾಳಿ ಬಿಡುತ್ತಿದ್ದರು, ಉಸ್ಸೆಂದು ಸದ್ದು ನಿಂತ ಕೂಡಲೇ ಮುಚ್ಚುತ್ತಿದ್ದರು. ನಾನು ಅದನ್ನು ಶುರು ಮಾಡಿದ್ದು ಕಳೆದ ಅಕ್ಟೋಬರ್‌ನಲ್ಲಿ. ಗಾಳಿಯ ಹಿಂದೆ ನೀರು ಬಂತು, ಕಪ್ಪಗಿತ್ತು. ತಿಳಿ ಬರುವವರೆಗೆ ಬಿಡೋಣ ಎಂದು ಮಗ್ಗು ಹಿಡಿದೆ. ಒಂಬತ್ತು ರೇಡಿಯೇಟರು, ಒಂದೊಂದಕ್ಕೂ ಒಂದು ಮಗ್ಗು, ಕೆಲವಕ್ಕೆ ಎರಡು. ತಿಳಿ ಬರಲೇ ಇಲ್ಲ. ಮುಂದಿನ ವಾರ ಬರಬಹುದೆಂದುಕೊಂಡೆ. ಸೋಮವಾರ ಬಾಯ್ಲರ್ ಸಾಯುತ್ತಿದ್ದುದು ಅದಕ್ಕೆ ಮಗನೇ. ನಾನು ಖಾಲಿ ಮಾಡಿದ್ದನ್ನು ಅವಳು ತುಂಬುತ್ತಿದ್ದಳು, ತುಂಬಿದ ಹೊಸ ನೀರು ತುಕ್ಕು ಹಿಡಿಸುತ್ತಿತ್ತು, ಆ ತುಕ್ಕನ್ನು ತೊಳೆಯಲು ರಸೆಲ್ ಬರುತ್ತಿದ್ದ. ದುಡ್ಡು ಬೇಡವೆಂದನಂತೆ, ಪೈ ಸಾಕಂತೆ. ಬಿಂಗೋ ಹೊತ್ತು ನೋಡಿ ಅವನನ್ನು ಕರೆಸುತ್ತಿದ್ದುದು ನನಗೆ ನಾಚಿಕೆಯಾಗಬಾರದೆಂದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಲ್ಲೇ ಕೂತು ಅತ್ತೆ. ನಿನ್ನಪ್ಪನ ಹೆಸರು ಹಿಡಿದು, ಬಾಯಿಗೆ ಸ್ಕಾರ್ಫು ತುರುಕಿಕೊಂಡು ಅತ್ತೆ. ಒಂಬತ್ತು ತಿಂಗಳಿನದು ಒಟ್ಟಿಗೇ ಬಂತು. ಅತ್ತದ್ದಕ್ಕೋ ಕಲ್ಲಿದ್ದಲ ಪುಡಿಗೋ ಆಮೇಲೆ ಸೀನು ಹಿಡಿಯಿತು, ಒಂದಲ್ಲ, ಏಳೆಂಟು. ಬಾಗಿಲು ತೆರೆದು ಲಿಂಡ್ಸೆ ನಿಂತಿದ್ದ ನೋಟ ಸಾಯುವವರೆಗೂ ಮರೆಯಲಾರೆ. ‘ಎನಿಡ್! ಬಿಂಗೋ?’ ಅಂದಳು. ‘ಕಲ್ಲಿದ್ದಲು ಎಷ್ಟಿದೆ ನೋಡೋಣ ಅಂತ ಬಂದೆ’ ಅಂದೆ. ಅವಳು ಖಾಲಿ ನೆಲ ನೋಡಿದಳು, ದಿಂಬು ನೋಡಿದಳು, ಫ್ಲಾಸ್ಕು ನೋಡಿದಳು, ನನ್ನ ಮುಖ ನೋಡಿದಳು. ‘ಎಲ್ಲಾ ಕೇಳಿಸ್ಕೊಂಡ್ರಾ?’ ಅಂದಳು. ಹ್ಞೂಂ ಅಂದೆ. ಮಂಡಿ ಹಿಡಿದುಕೊಂಡಿತ್ತು, ಇಬ್ಬರೂ ಸೇರಿ ಎತ್ತಿ ನಿಲ್ಲಿಸಬೇಕಾಯಿತು. ನನ್ನ ಕಪ್ಪು ಮೂಗು ನೋಡಿ ರಸೆಲ್, ‘ಮಿಸೆಸ್ ಹೆಸ್ಲಪ್, ನಿಮ್ಮನ್ನೂ ಒಂದ್ಸಲ ಬಿಚ್ಚಿ ತೊಳೀಬೇಕು’ ಅಂದ. ಅವಳು ನಕ್ಕಳು, ನಾನೂ ನಕ್ಕೆ. ಹಲ್ಲು ಬೆಳ್ಳಗಿದ್ದರೂ ಒಳ್ಳೆಯ ಹುಡುಗ.

ಆಮೇಲೆ ಅಡುಗೆಮನೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಆ ಕೋಲನ್ನು ನನ್ನ ಕೈಗೇ ಕೊಟ್ಟ. ಕೋಲಿನ ಒಳಗಿಂದ ಅಯಸ್ಕಾಂತ ಎಳೆದು ಪಕ್ಕಕ್ಕಿಟ್ಟ ಕೂಡಲೇ ಕೆಸರು ತಾನಾಗಿ ಸಡಿಲವಾಗಿ ಬಕೆಟ್ಟಿಗೆ ಜಾರಿತು, ಹಳೇ ಬಟ್ಟೆಯಿಂದ ನಾನೇ ಒರೆಸಿದೆ. ‘ಅಯಸ್ಕಾಂತ ವಾಪಸ್ ಒಳಗೆ ಇಡೋದು ಮರೀಬೇಡಿ, ಅರ್ಧ ಜನ ಅಲ್ಲೇ ಎಡವೋದು. ವರ್ಷಗಟ್ಲೆ ಖಾಲಿ ಡಬ್ಬಿ ತಿರುಗಿಸಿ, ಕೊಳೆನೇ ಇಲ್ಲ ಅಂತ ಖುಷಿಪಡ್ತಾರೆ’ ಅಂದ. ಇಟ್ಟೆ, ಮುಚ್ಚಳ ಬಿಗಿಮಾಡಿದೆ, ಬಿರಡೆ ಎರಡೂ ತೆರೆದೆ. ತುಕ್ಕು ತಡೆಯುವ ಮದ್ದು ಒಂದು ಬಾಟಲಿ ಸುರಿದ. ಇನ್ನು ಮುಂದೆ ರೇಡಿಯೇಟರ್ ಗುಡುಗುಡು ಎಂದರೆ ಮಾತ್ರ ಚಾವಿ, ಅದೂ ಗಾಳಿಗಷ್ಟೇ, ನೀರಿನ ಹನಿ ಕಂಡ ತಕ್ಷಣ ಮುಚ್ಚಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟಿದ್ದೇನೆ. ಮೂವರೂ ಕೂತು ಪೈ ತಿಂದೆವು. ಚೆನ್ನಾಗಿದೆ ಕಣೋ ಅವಳ ಪೈ, ಮೆಣಸು ಸ್ವಲ್ಪ ಮುಂದು.

ಹಾಗಾಗಿ ಮಗನೇ, ಆರನೇ ತಾರೀಖು ನಾನು ಹೇಳಿದ ಮಾತು ಸುಳ್ಳು. ಎರಡು ನಿಮಿಷದಲ್ಲಿ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಷ್ಟು ಹಾಳೆ ಬೇಕಾಯಿತು, ಆದರೂ ಪೂರ್ತಿ ಹಿಂದೆ ಬಂದಿರಲಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲೆ ಇಡು. ನಿನ್ನ ಮೌನವೆಲ್ಲ ಈಗ ಏನೂ ಮಾಡದವಳ ತಲೆಯ ಮೇಲೆ ಬೀಳುತ್ತಿದೆ. ನಿನ್ನಂಥವನಿಗೆ ಅವಳು ಹೆಂಡತಿಯಾಗಿ ಸಿಕ್ಕಿದ್ದು ನಿನ್ನ ಪುಣ್ಯವಲ್ಲ, ನಿನ್ನಪ್ಪನ ಪುಣ್ಯ.

ದೇವರು ನಿನ್ನನ್ನು ಅಲೆಯ ಮೇಲೂ ದಡದ ಮೇಲೂ ಕಾಯಲಿ. ಎದೆ ಮುಚ್ಚಿಕೊ, ಮಂಡಿ ಮಡಿಸಿ ಎತ್ತು. ಅಡುಗೆಯವನಿಗೆ ಬೆಳ್ಳುಳ್ಳಿ ಕಡಿಮೆ ಮಾಡಲು ನಾನು ಹೇಳಿದೆನೆಂದು ಹೇಳು.

ತಪ್ಪು ಮಾಡಿದ ನಿನ್ನ ಅಮ್ಮ,
ಎನಿಡ್ ಹೆಸ್ಲಪ್

ಮರೆತ ಮಾತು, ಶುಕ್ರವಾರ ಬೆಳಿಗ್ಗೆ: ಡಂಕನ್ ಕಾರು ಬಾಗಿಲಲ್ಲಿ ನಿಂತಿದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ನಾನು ಕಲ್ಲಿದ್ದಲ ಕೋಣೆಯಲ್ಲಿ ಕೂತದ್ದು ಬಾಯ್ಲರ್ ವಿಷಯ ಮುಚ್ಚಿಡುತ್ತಿದ್ದಾರೆಂಬ ಅನುಮಾನಕ್ಕೆ ಎಂದೇ ಲಿಂಡ್ಸೆ ನಂಬಿದ್ದಾಳೆ. ಅವಳ ಬಗ್ಗೆ ನಾನು ಏನೆಂದುಕೊಂಡಿದ್ದೆ, ನಿನಗೆ ಫೋನು ಮಾಡಿ ಏನು ಹೇಳಿದೆ ಎಂಬುದು ಅವಳಿಗೆ ಗೊತ್ತಿಲ್ಲ. ನಿನ್ನೆ ಹೇಳಲು ಬಾಯಿ ಬರಲಿಲ್ಲ. ಈಗ ತಿಂಡಿ ತಿನ್ನುವಾಗ ಕೇಳಿದಳು, ‘ನನ್ನಿಂದ ಏನಾದ್ರೂ ತಪ್ಪಾಯ್ತಾ ಎನಿಡ್, ಕ್ರೇಗ್ ಯಾಕೆ ಮಾತಾಡ್ತಿಲ್ಲ?’ ‘ಹಡಗಿನ ಲೈನು ಕೆಟ್ಟಿರ್ಬೇಕು’ ಅಂದೆ. ಇನ್ನೊಂದು ಸುಳ್ಳು. ಇನ್ನಾಗದು. ಡಂಕನ್ನನನ್ನು ಕಳಿಸಿ ಬಾಗಿಲು ಹಾಕಿದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ. ಅವಳು ಪೆಟ್ಟಿಗೆ ಕಟ್ಟಿಕೊಂಡು ಸಂಡರ್‌ಲ್ಯಾಂಡಿನ ಅಕ್ಕನ ಮನೆಗೆ ಹೋದರೆ ನಾನು ತಡೆಯುವುದಿಲ್ಲ, ಅಲ್ಲಿಯ ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ಇಲ್ಲೇ ಇರಲಿ ಅಲ್ಲೇ ಇರಲಿ, ಈ ಕಾಗದ ಓದಿದ ಗಳಿಗೆಯೇ ಅವಳಿಗೆ ಫೋನು ಮಾಡು, ನನಗೆ ಬೇಡ. ಅವಳು ಏನೇ ಹೇಳಲಿ, ಈ ಮನೆ ಬೇಡವೆಂದರೂ ಸರಿ, ನನ್ನ ಮುಖ ನೋಡುವುದಿಲ್ಲವೆಂದರೂ ಸರಿ, ನೀನು ಅವಳ ಪರವಾಗಿ ನಿಲ್ಲು, ನನ್ನ ಪರವಾಗಿ ಬೇಡ.